ಗೋಡೆಗಳು ಸರಿಯುವ ಮನೆ

ಮನೆ ಚಿಕ್ಕದೋ ದೊಡ್ಡದೋ ಎಂಬುದನ್ನು ಅಳತೆಪಟ್ಟಿಯೊಂದೇ ನಿರ್ಧರಿಸುವುದಿಲ್ಲ. ಒಂದೇ ಅಳತೆಯ ಎರಡು ಕೊಠಡಿಗಳಲ್ಲಿ ಒಂದನ್ನು ಹೊಕ್ಕಾಗ ಉಸಿರು ಕಟ್ಟಿದಂತಾಗುತ್ತದೆ. ಇನ್ನೊಂದನ್ನು ಹೊಕ್ಕಾಗ ಮನಸ್ಸು ಹಗುರವಾಗುತ್ತದೆ. ಬಾಗಿಲು ಎಲ್ಲಿದೆ, ಬೆಳಕು ಯಾವ ದಿಕ್ಕಿನಿಂದ ಬರುತ್ತದೆ, ಮಂಚ ಮೇಜುಗಳು ನಡೆದಾಡುವ ದಾರಿಯನ್ನು ಎಷ್ಟರಮಟ್ಟಿಗೆ ನುಂಗಿವೆ, ಗೋಡೆಯ ಬಣ್ಣ ಬೆಳಕನ್ನು ಹಿಂದಿರುಗಿಸುತ್ತದೆಯೋ ಹೀರಿಕೊಳ್ಳುತ್ತದೆಯೋ ಎಂಬ ಸಂಗತಿಗಳೆಲ್ಲ ಸೇರಿ ಕಣ್ಣಿಗೆ ಆ ಕೊಠಡಿಯ ಅಳತೆಯನ್ನು ಹೇಳುತ್ತವೆ. ಗೃಹಾಲಂಕಾರವೆಂದರೆ ಬೆಲೆಬಾಳುವ ವಸ್ತುಗಳನ್ನು ತಂದು ತುಂಬುವುದೆಂದು ಭಾವಿಸುವವರು ಬಹಳ ಮಂದಿ. ಇರುವ ಜಾಗವನ್ನು ಬಿಡಿಸಿ ತೋರಿಸುವುದೇ ಅಲಂಕಾರವೆಂದು ತಿಳಿದ ಇಬ್ಬರು 1924ರಲ್ಲಿ ನೆದರ್ಲೆಂಡ್ಸ್ ದೇಶದ ಯುಟ್ರೆಕ್ಟ್ ನಗರದ ಅಂಚಿನಲ್ಲಿ ಒಂದು ಪುಟ್ಟ ಮನೆಯನ್ನು ಕಟ್ಟಿದರು. ನೂರು ವರ್ಷಗಳು ಸಂದರೂ ಆ ಮನೆ ಹಳತೆನಿಸುವುದಿಲ್ಲ.

ಅವರಲ್ಲಿ ಒಬ್ಬರು ಆ ಮನೆಯ ಒಡತಿ, ಟ್ರೂಸ್ ಶ್ರೋಡರ್. ಆಕೆಯ ಪತಿ ವಕೀಲರು. 1923ರಲ್ಲಿ ಅವರು ತೀರಿಕೊಂಡಾಗ ಮೂವತ್ತನಾಲ್ಕರ ಹರೆಯದ ಆ ತಾಯಿಯ ಬಳಿ ಉಳಿದವರು ಒಬ್ಬ ಮಗ ಮತ್ತು ಇಬ್ಬರು ಹೆಣ್ಣುಮಕ್ಕಳು. ಅಲ್ಲಿಯವರೆಗೆ ಆ ಸಂಸಾರ ವಾಸವಾಗಿದ್ದುದು ಎತ್ತರದ ಮಾಳಿಗೆಗಳುಳ್ಳ, ಗಂಭೀರವಾದ ದೊಡ್ಡ ಮನೆಯೊಂದರಲ್ಲಿ. ಅಂತಹ ಮನೆಗಳಲ್ಲಿ ದೊಡ್ಡವರ ಬೈಠಕ್ಕು ಒಂದು ಕಡೆ, ಮಕ್ಕಳ ಕೋಣೆ ಇನ್ನೊಂದು ಕಡೆ. ನಡುವೆ ದಪ್ಪ ಗೋಡೆಗಳು, ಮುಚ್ಚಿದ ಬಾಗಿಲುಗಳು. ಶ್ರೋಡರರಿಗೆ ಇದು ಒಗ್ಗಲಿಲ್ಲ. ಮಕ್ಕಳು ತಮ್ಮ ಹತ್ತಿರವೇ ಬೆಳೆಯಬೇಕು, ಮನೆಗೆ ಬಂದ ಅತಿಥಿಗಳು ಕಲೆ ಸಾಹಿತ್ಯಗಳನ್ನು ಕುರಿತು ಆಡುವ ಮಾತುಗಳು ಅವರ ಕಿವಿಗೂ ಬೀಳಬೇಕು ಎಂಬುದು ಆಕೆಯ ಹಂಬಲ. ಆದ್ದರಿಂದ ಚಿಕ್ಕ ಮನೆಯನ್ನು ಆಕೆ ಕೊರತೆಯೆಂದು ಒಪ್ಪಿಕೊಂಡವರಲ್ಲ, ಬೇಕೆಂದೇ ಆರಿಸಿಕೊಂಡವರು.

ಇನ್ನೊಬ್ಬರು ಗೆರಿಟ್ ರೀಟ್ವೆಲ್ಡ್. ಇವರು ಅದೇ ಊರಿನ ಬಡಗಿಯೊಬ್ಬರ ಮಗ. ಚಿಕ್ಕಂದಿನಲ್ಲಿಯೇ ತಂದೆಯ ಕಾರ್ಯಾಗಾರದಲ್ಲಿ ಉಳಿ ಬಾಚಿಗಳನ್ನು ಹಿಡಿದವರು. 1917ರಲ್ಲಿ ಆ ದೇಶದಲ್ಲಿ 'ಡೆ ಸ್ಟೈಲ್' ಎಂಬ ಪತ್ರಿಕೆಯ ಸುತ್ತ ಕಲಾವಿದರ ಒಂದು ಬಳಗ ಕೂಡಿಕೊಂಡಿತ್ತು. ಚಿತ್ರಕಾರ ಮೋಂಡ್ರಿಯಾನ್ ಆ ಬಳಗದವರಲ್ಲಿ ಪ್ರಸಿದ್ಧರು. ನೇರವಾದ ಗೆರೆಗಳು, ಆಯತಗಳು, ಕೆಂಪು ಹಳದಿ ನೀಲಿಗಳೆಂಬ ಮೂರು ಮೂಲವರ್ಣಗಳು, ಜೊತೆಗೆ ಕಪ್ಪು ಬಿಳುಪು ಬೂದು, ಇಷ್ಟರಿಂದಲೇ ಎಲ್ಲವನ್ನೂ ಹೇಳಬಹುದೆಂದು ಅವರು ನಂಬಿದ್ದರು. ರೀಟ್ವೆಲ್ಡರು ಈ ನಂಬಿಕೆಯನ್ನು ಮರಗೆಲಸಕ್ಕೆ ಇಳಿಸಿದರು. ಅವರು ಮಾಡಿದ ಕುರ್ಚಿಯೊಂದು ಲೋಕಪ್ರಸಿದ್ಧವಾಗಿದೆ. ಅದರ ಒರಗು ಕೆಂಪು, ಆಸನ ನೀಲಿ, ಉಳಿದ ಮರದ ಪಟ್ಟಿಗಳೆಲ್ಲ ಕಪ್ಪು. ಆ ಪಟ್ಟಿಗಳನ್ನು ಕತ್ತರಿಸಿದ ತುದಿಗಳಿಗೆ ಮಾತ್ರ ಹಳದಿ. ತುದಿಗೆ ಹಚ್ಚಿದ ಅಷ್ಟು ಸ್ವಲ್ಪ ಹಳದಿಯಿಂದಲೇ ಪಟ್ಟಿ ಎಲ್ಲಿ ಮುಗಿಯಿತೆಂಬುದು ಕಣ್ಣಿಗೆ ಥಟ್ಟನೆ ಗೋಚರಿಸುತ್ತದೆ. ಕುಳಿತುಕೊಳ್ಳಲು ಆ ಕುರ್ಚಿ ಅಷ್ಟೇನೂ ಸುಖಕರವಲ್ಲವೆಂಬುದನ್ನೂ ಮುಚ್ಚಿಡಬೇಕಾಗಿಲ್ಲ.

ನಿವೇಶನ ಸಿಕ್ಕಿದ್ದು ಇಟ್ಟಿಗೆಯ ಮನೆಗಳ ಸಾಲೊಂದರ ಕೊನೆಯಲ್ಲಿ. ಅದರಾಚೆಗೆ ಆಗ ಬಯಲು. ರೀಟ್ವೆಲ್ಡರು ತಯಾರಿಸಿದ ಮೊದಲ ಮಾದರಿ ಶ್ರೋಡರರಿಗೆ ಹಿಡಿಸಲಿಲ್ಲ. ಇಬ್ಬರೂ ಮತ್ತೆ ಕೂಡಿ ಕುಳಿತು, ಮನೆಯನ್ನು ಹೊರಗಿನಿಂದ ಒಳಗಲ್ಲ, ಒಳಗಿನಿಂದ ಹೊರಗೆ ಯೋಚಿಸತೊಡಗಿದರು. ಪ್ರತಿಯೊಂದು ಕೋಣೆಯಲ್ಲಿಯೂ ಹಾಸಿಗೆಯನ್ನು ಎರಡು ರೀತಿಯಲ್ಲಾದರೂ ಹಾಕಲು ಬರಬೇಕು, ನೀರು ಬರಲು ಹೋಗಲು ಕೊಳವೆಗಳಿರಬೇಕು, ಹೊರಗೆ ಕಾಲಿಡಲು ಬಾಗಿಲಿರಬೇಕು ಎಂಬುದು ಒಡತಿಯ ಬೇಡಿಕೆ. ಬಯಲಿನ ನೋಟ ಮೇಲಂತಸ್ತಿನಿಂದ ಚೆನ್ನಾಗಿ ಕಾಣುವುದರಿಂದ ಸಂಸಾರದ ಬಾಳ್ವೆಯೆಲ್ಲ ಮೇಲೆಯೇ ನಡೆಯಲೆಂದು ಗೊತ್ತಾಯಿತು. ಮೇಲಂತಸ್ತನ್ನು ಕೋಣೆಗಳಾಗಿ ವಿಂಗಡಿಸಿ ನೋಡಿದಾಗ ಅವು ಪೆಟ್ಟಿಗೆಗಳಂತೆ ಇಕ್ಕಟ್ಟಾದುವು. ಈ ಗೋಡೆಗಳು ಇಲ್ಲದೆ ನಡೆಯುವುದಿಲ್ಲವೇ ಎಂದು ಶ್ರೋಡರರು ಕೇಳಿದರಂತೆ. ಮನೆಯ ಹುಟ್ಟು ಆ ಪ್ರಶ್ನೆಯಲ್ಲಿದೆ.

ಆದರೆ ಗೋಡೆಗಳಿಲ್ಲದ ಮನೆಗೆ ಪರವಾನಗಿ ದೊರೆಯುವುದಾದರೂ ಹೇಗೆ? ಕಟ್ಟಡ ನಿಯಮಗಳ ಪ್ರಕಾರ ವಾಸದ ಅಂತಸ್ತಿನಲ್ಲಿ ಕೋಣೆಗಳು ಸ್ಥಿರವಾದ ಗೋಡೆಗಳಿಂದ ಬೇರ್ಪಟ್ಟಿರಬೇಕಾಗಿತ್ತು. ಅದಕ್ಕೆ ಅವರು ಸುಲಭವಾದ ಉಪಾಯವೊಂದನ್ನು ಹೂಡಿದರು. ಅಡಿಗೆಮನೆ, ಓದುವ ಕೋಣೆ, ಕೆಲಸದ ಕೋಣೆಗಳಿರುವ ಕೆಳಗಿನ ಅಂತಸ್ತನ್ನು ನಿಯಮದಂತೆಯೇ ಗೋಡೆ ಹಾಕಿ ತೋರಿಸಿದರು. ಮೇಲಿನ ಅಂತಸ್ತನ್ನು ನಕ್ಷೆಯಲ್ಲಿ ಬರಿಯ 'ಅಟ್ಟ'ವೆಂದು ಬರೆದುಬಿಟ್ಟರು! ಅಟ್ಟದಲ್ಲಿ ಗೋಡೆಗಳಿವೆಯೇ ಎಂದು ವಿಚಾರಿಸುವವರು ಯಾರು?

ಈ ಅಟ್ಟವೇ ಮನೆಯ ಜೀವಾಳ. ಮೆಟ್ಟಿಲನ್ನೇರಿ ಮೇಲೆ ಬಂದರೆ ಹಗಲಿನಲ್ಲಿ ಬಹುಮಟ್ಟಿಗೆ ಒಂದೇ ತೆರೆದ ಜಾಗ. ನಡುವೆ ಮೆಟ್ಟಿಲು; ಅದರ ಮೇಲೆ ಗಾಜಿನ ಬೆಳಕಿಂಡಿ. ಸುತ್ತಲೂ ಮೂರು ಕಡೆ ಕಿಟಕಿಗಳು. ಮಾಡಿನಲ್ಲಿಯೂ ನೆಲದಲ್ಲಿಯೂ ಅಳವಡಿಸಿದ ಕಂಬಿಗಳ ಮೇಲೆ ಹಗುರವಾದ ಫಲಕಗಳು ಜಾರುತ್ತವೆ. ಸಂಜೆಯಾದೊಡನೆ ಅವುಗಳನ್ನು ಎಳೆದರೆ ಮಗನಿಗೊಂದು ಕೋಣೆ, ಹೆಣ್ಣುಮಕ್ಕಳಿಬ್ಬರಿಗೊಂದು ಕೋಣೆ, ಊಟಕ್ಕೂ ಕೂಟಕ್ಕೂ ಬೇರೊಂದು ಜಾಗ. ತಾಯಿಗೆ ಮಾತ್ರ ಮೂಲೆಯಲ್ಲಿ ಪ್ರತ್ಯೇಕವಾದ ಸಣ್ಣ ಮಲಗುವ ಕೋಣೆ. ಬೆಳಗಾಗುತ್ತಲೇ ಫಲಕಗಳು ಮತ್ತೆ ಒತ್ತಿಗೆ ಸರಿಯುತ್ತವೆ. ರಾತ್ರಿಯ ಹಾಸಿಗೆಗಳೇ ಹಗಲಿನ ಆಸನಗಳಾಗುತ್ತವೆ. ರಾತ್ರಿ ಹಾಸಿಗೆ ಬಿಚ್ಚಿ ಬೆಳಿಗ್ಗೆ ಸುತ್ತಿಡುವ ನಡುಮನೆಯನ್ನು ಬಲ್ಲ ನಮಗೆ ಇದು ಅಷ್ಟೊಂದು ಸೋಜಿಗವೆನಿಸದಿರಬಹುದು. ಒಂದೊಂದು ಕೆಲಸಕ್ಕೆ ಒಂದೊಂದು ಕೋಣೆಯೆಂದು ನಂಬಿದ್ದ ಅಂದಿನ ಯೂರೋಪಿನ ಸ್ಥಿತಿವಂತರಿಗಾದರೋ ಇದೊಂದು ಬುಡಮೇಲಾದ ವ್ಯವಸ್ಥೆಯಾಗಿತ್ತು.

ಚಿಕ್ಕ ಮನೆಯ ಯೋಜನೆಯಲ್ಲಿ ಜಾಣತನ ಇರುವುದು ಇಂತಹ ಲೆಕ್ಕಾಚಾರದಲ್ಲಿ. ಮಲಗುವ ಕೋಣೆ ಹಗಲೆಲ್ಲ ಬರಿದಾಗಿರುತ್ತದೆ. ಕೂಟದ ಕೋಣೆ ರಾತ್ರಿಯೆಲ್ಲ ಬರಿದಾಗಿರುತ್ತದೆ. ಎರಡಕ್ಕೂ ಬೇರೆ ಬೇರೆ ಜಾಗವನ್ನು ಮೀಸಲಿಟ್ಟರೆ ಯಾವ ಹೊತ್ತಿನಲ್ಲಿ ನೋಡಿದರೂ ಮನೆಯ ಒಂದು ಭಾಗ ವ್ಯರ್ಥ. ಗೋಡೆಯನ್ನೇ ಸರಿಯುವಂತೆ ಮಾಡಿದರೆ ಒಂದೇ ಜಾಗ ಎರಡು ಹೊತ್ತಿಗೂ ದುಡಿಯುತ್ತದೆ.

ಸಣ್ಣ ಪುಟ್ಟ ಉಪಾಯಗಳೂ ಈ ಮನೆಯಲ್ಲಿ ಹಲವಿವೆ. ಅಡಿಗೆ ಕೆಳಗೆ, ಊಟ ಮೇಲೆ. ಆದ್ದರಿಂದ ಪಾತ್ರೆಗಳನ್ನು ಮೇಲಕ್ಕೆ ಸಾಗಿಸಲು ಹಗ್ಗದಿಂದ ಎಳೆಯುವ ಬಾವಿಯ ಕೊಡದಂತೆ ಏರಿಳಿಯುವ ಸಣ್ಣ ಪೆಟ್ಟಿಗೆಯೊಂದಿದೆ. ಸಾಮಾನು ತಂದವರು ಹೊರಗಿನಿಂದಲೇ ಮಾತನಾಡಲು ಒಂದು ಕೊಳವೆಯಿದೆ. ಪರದೆಗಳ ಬದಲು ರಾತ್ರಿಯ ಹೊತ್ತು ಕಿಟಕಿಗಳಿಗೆ ಮರದ ಹಲಗೆಗಳನ್ನು ಸಿಕ್ಕಿಸುತ್ತಾರೆ. ಎಲ್ಲಕ್ಕಿಂತ ಹೆಚ್ಚು ಹೆಸರಾದುದು ಊಟದ ಮೇಜಿನ ಬಳಿಯ ಮೂಲೆಯ ಕಿಟಕಿ. ಎರಡು ಗೋಡೆಗಳು ಕೂಡುವಲ್ಲಿ ಕಂಬವಿರುವುದು ವಾಡಿಕೆ. ಇಲ್ಲಿ ಕಂಬವನ್ನು ಮೂಲೆಯಿಂದ ಪಕ್ಕಕ್ಕೆ ಸರಿಸಲಾಗಿದೆ. ಎರಡು ಕಿಟಕಿಗಳನ್ನೂ ತೆರೆದಾಗ ಮೂಲೆಯೇ ಇಲ್ಲವಾಗಿ, ಊಟಕ್ಕೆ ಕುಳಿತವರು ಬಯಲಿನಲ್ಲಿಯೇ ಕುಳಿತಂತಾಗುತ್ತದೆ. ಕಣ್ಣು ಕೊಠಡಿಯ ಅಳತೆಯನ್ನು ಹಿಡಿಯುವುದು ಮೂಲೆಗಳ ಮೂಲಕ. ಒಂದು ಮೂಲೆಯನ್ನು ಅಳಿಸಿಹಾಕಿದರೆ ಕಣ್ಣಿನ ಲೆಕ್ಕ ತಪ್ಪುತ್ತದೆ.

ಇನ್ನು ಬಣ್ಣಗಳ ವಿಚಾರ. ಚಿತ್ರಗಳಲ್ಲಿ ಈ ಮನೆಯನ್ನು ಕಂಡವರು ಕೆಂಪು ಹಳದಿ ನೀಲಿಗಳ ಮನೆಯೆಂದು ಅದನ್ನು ನೆನಪಿನಲ್ಲಿಟ್ಟುಕೊಳ್ಳುತ್ತಾರೆ. ಗಮನವಿಟ್ಟು ನೋಡಿದರೆ ಬೇರೆಯೇ ಸಂಗತಿ ತಿಳಿದುಬರುತ್ತದೆ. ಹೊರಗಿನ ಅಗಲವಾದ ಗೋಡೆಗಳೆಲ್ಲ ಬಿಳುಪು, ಇಲ್ಲವೆ ಬೂದುಬಣ್ಣದ ಬೇರೆ ಬೇರೆ ಛಾಯೆಗಳು. ಕೆಂಪು ಹಳದಿ ನೀಲಿಗಳು ಕಾಣುವುದು ಕಂಬ, ಕಂಬಿ, ಸರಳುಗಳಂತಹ ತೆಳುವಾದ ಭಾಗಗಳಲ್ಲಿ. ಅಡಿಗೆಗೆ ಉಪ್ಪಿನಂತೆ ಅವು ಬೆರೆತಿವೆ. ಇದ್ದುದು ತಿಳಿಯುವಷ್ಟು ಇವೆ, ಕೈ ಮೀರಿಲ್ಲ. ಬಿಳಿಯ ಗೋಡೆಯ ಮುಂದೆ ನಿಂತ ಹಳದಿಯ ಕಂಬ ತಾನು ಗೋಡೆಯಿಂದ ಬೇರೆಯೆಂದು ಸಾರುತ್ತದೆ. ಆಗ ಕಂಬಕ್ಕೂ ಗೋಡೆಗೂ ನಡುವಿನ ತೆರಪು ಕಣ್ಣಿಗೆ ಬೀಳುತ್ತದೆ. ಕೆಂಪು ಹಳದಿಗಳು ನೋಡುವವರತ್ತ ಮುಂದೆ ಬಂದಂತೆಯೂ ನೀಲಿ ಹಿಂದೆ ಸರಿದಂತೆಯೂ ತೋರುವುದು ಸಾಮಾನ್ಯವಾದ ಅನುಭವ. ಒಂದು ಮೊಳದ ಆಳವನ್ನು ಕಣ್ಣಿಗೆ ಎರಡು ಮೊಳವೆನಿಸಲು ಇಷ್ಟು ಸಾಕು.

ಮೇಲಂತಸ್ತಿನ ನೆಲಹಾಸನ್ನೂ ಕೆಂಪು, ಕಪ್ಪು, ಬೂದು, ಬಿಳಿಯ ತುಂಡುಗಳಾಗಿ ಜೋಡಿಸಲಾಗಿದೆ. ಫಲಕಗಳು ಸರಿದು ಕೋಣೆಗಳೆಲ್ಲ ಒಂದಾಗಿದ್ದಾಗಲೂ ನೆಲದ ಬಣ್ಣ ಬದಲಾಗುವುದರಿಂದ ಇದು ಒಂದು ಜಾಗ, ಅದು ಇನ್ನೊಂದು ಜಾಗವೆಂಬ ಭಾವ ಉಳಿಯುತ್ತದೆ. ಗೋಡೆ ಮಾಡುವ ಕೆಲಸವನ್ನು ಬಣ್ಣವೇ ಮಾಡುತ್ತದೆ. ಗೋಡೆಯಂತೆ ಅದು ಬೆಳಕನ್ನು ತಡೆಯುವುದಿಲ್ಲ, ಒಂದು ಅಂಗುಲದಷ್ಟು ನೆಲವನ್ನೂ ಆಕ್ರಮಿಸುವುದಿಲ್ಲ. ಈ ಮನೆಯ ಅನುಕರಣೆಯೆಂದು ಗೋಡೆಗೊಂದರಂತೆ ಗಾಢವಾದ ಬಣ್ಣ ಬಳಿದವರು ಉಂಟು. ಅವರು ಬಣ್ಣಗಳನ್ನು ಕಂಡರು, ಅವುಗಳ ಸುತ್ತಲಿದ್ದ ಬಿಳುಪನ್ನು ಕಾಣಲಿಲ್ಲ.

ನೋಟಕ್ಕೆ ಕಾಂಕ್ರೀಟಿನಂತಿದ್ದರೂ ಈ ಮನೆಯ ಬಹುಪಾಲು ಗೋಡೆಗಳು ಗಾರೆ ಬಳಿದ ಇಟ್ಟಿಗೆಯವು, ನೆಲಗಳು ಮರದವು. ಕಾಂಕ್ರೀಟನ್ನು ಬಳಸಿರುವುದು ತಳಪಾಯ, ಮೊಗಸಾಲೆಗಳಿಗೆ ಮಾತ್ರ. ಎಲ್ಲವನ್ನೂ ಹೊಸ ವಸ್ತುವಿನಿಂದ ಕಟ್ಟುವಷ್ಟು ಹಣವಿರಲಿಲ್ಲ.

ಇಂತಹ ಮನೆಯಲ್ಲಿ ಬಾಳುವುದು ಸುಲಭವಾಗಿತ್ತೆಂದು ತಿಳಿಯಬಾರದು. ತೆಳುವಾದ ಫಲಕಗಳು ನೋಟವನ್ನು ತಡೆಯಬಲ್ಲುವೇ ಹೊರತು ಸದ್ದನ್ನು ತಡೆಯಲಾರವು. ಬೆಳಿಗ್ಗೆ ಗೋಡೆಗಳನ್ನು ಸರಿಸಬೇಕಾದರೆ ಮೊದಲು ಎಲ್ಲರೂ ತಮ್ಮ ಹಾಸಿಗೆ ಪುಸ್ತಕಗಳನ್ನು ಒಪ್ಪಮಾಡಿರಬೇಕು. ಸೋಮಾರಿತನಕ್ಕೆ ಆ ಮನೆಯಲ್ಲಿ ಮರೆಯಿಲ್ಲ. ನೆರೆಯ ಇಟ್ಟಿಗೆ ಮನೆಗಳ ಪಕ್ಕದಲ್ಲಿ ಬಿಳಿಯ ಹಲಗೆಗಳನ್ನು ಜೋಡಿಸಿಟ್ಟಂತಿದ್ದ ಆ ಕಟ್ಟಡವನ್ನು ಕಂಡು ನಗುವವರಿದ್ದರು. ಶಾಲೆಯಲ್ಲಿ ಮಕ್ಕಳು ಸಹಪಾಠಿಗಳ ಗೇಲಿಗೆ ಗುರಿಯಾದರು. ಕಿರಿಯ ಮಗಳು ಹಾನ್ ಅದು ತನ್ನ ಮನೆಯೇ ಅಲ್ಲವೆಂದು ಹೇಳಿದ್ದುಂಟಂತೆ. ಮನೆ ಕಟ್ಟಿದಾಗ ಅವಳಿಗಿನ್ನೂ ಆರು ವರ್ಷ. ಇದೇ ಹಾನ್ ಶ್ರೋಡರ್ ಮುಂದೆ ವಾಸ್ತುಶಿಲ್ಪವನ್ನು ಕಲಿತು, ನೆದರ್ಲೆಂಡ್ಸಿನ ಮೊದಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದರು. ಅನಂತರ ಅಮೆರಿಕಕ್ಕೆ ತೆರಳಿ ಅಲ್ಲಿ ಒಳಾಂಗಣ ವಿನ್ಯಾಸವನ್ನು ಬೋಧಿಸಿದರು.

ಟ್ರೂಸ್ ಶ್ರೋಡರರು ಆ ಮನೆಯನ್ನು ಬಿಡಲಿಲ್ಲ. ಮಕ್ಕಳು ಬೆಳೆದು ಬೇರೆಯಾದರು, ಮಹಾಯುದ್ಧವೊಂದು ಬಂದು ಹೋಯಿತು. ಆಕೆ ಅಲ್ಲಿಯೇ ಇದ್ದರು. ರೀಟ್ವೆಲ್ಡರೂ ತಮ್ಮ ಕೊನೆಯ ವರ್ಷಗಳನ್ನು ಅಲ್ಲಿಯೇ ಕಳೆದು 1964ರಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಮನೆಯ ಎದುರಿಗೆ ಎತ್ತರದ ಹೆದ್ದಾರಿಯೊಂದು ಎದ್ದುನಿಂತಿತ್ತು. ಯಾವ ನೋಟಕ್ಕಾಗಿ ಮನೆಯನ್ನು ಕಟ್ಟಲಾಗಿತ್ತೋ ಆ ನೋಟವೇ ಇಲ್ಲವಾದ ಮೇಲೆ ಮನೆಯನ್ನು ಕೆಡವಿಬಿಡುವುದೇ ಮೇಲೆಂಬುದು ರೀಟ್ವೆಲ್ಡರ ಅಭಿಪ್ರಾಯವಾಗಿತ್ತು. ಒಡತಿ ಅದಕ್ಕೆ ಒಪ್ಪಲಿಲ್ಲ. ಮನೆಯ ರಕ್ಷಣೆಗಾಗಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. 1970ರ ದಶಕದಲ್ಲಿ ಹೊರಭಾಗ ಜೀರ್ಣೋದ್ಧಾರಗೊಂಡಿತು. 1985ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ಆಕೆ ನಿಧನರಾದರು. ಅರವತ್ತು ವರ್ಷಗಳ ಬಾಳ್ವೆಯಲ್ಲಿ ಬದಲಾಗಿದ್ದ ಒಳಭಾಗವನ್ನು ಬಳಿಕ ಮೊದಲಿನ ರೂಪಕ್ಕೆ ತರಲಾಯಿತು. 2000ದಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ಅದು ವಸ್ತುಸಂಗ್ರಹಾಲಯ. ಮನೆ ಪುಟ್ಟದಾದುದರಿಂದ ಪ್ರೇಕ್ಷಕರನ್ನು ಚಿಕ್ಕ ಗುಂಪುಗಳಲ್ಲಿ ಒಳಗೆ ಬಿಡುತ್ತಾರೆ. ಮಾರ್ಗದರ್ಶಕರು ಫಲಕಗಳನ್ನು ಒಂದೊಂದಾಗಿ ಎಳೆದು ಕೋಣೆಗಳನ್ನು ಮೂಡಿಸಿ, ಮತ್ತೆ ಸರಿಸಿ ಅಳಿಸಿ ತೋರಿಸುತ್ತಾರೆ. ಊಟದ ಮೇಜಿನ ಬಳಿ ಆ ಮೂಲೆಯ ಕಿಟಕಿ ಈಗಲೂ ಇದೆ. ಅದರಾಚೆಗೆ ಬಯಲಿಲ್ಲ, ಹೆದ್ದಾರಿಯ ಮೇಲೆ ವಾಹನಗಳು ಓಡುತ್ತಿರುತ್ತವೆ.