ಪ್ರವಾಸದಲ್ಲಿ ಒಂದು ಕನ್ನಡ ಮನೆಗೂ ಹೋಗಿಬನ್ನಿ
ಡಬ್ಲಿನ್ ನೋಡಲು ಬಂದ ಕನ್ನಡಿಗರು ಲೆಟರ್‌ಕೆನ್ನಿಯವರೆಗೆ ಬರುವುದು ಕಡಿಮೆ. ಬಸ್ಸಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಡಾನಿಗಾಲ್ ಕೌಂಟಿಯಲ್ಲಿ ರೈಲೇ ಇಲ್ಲ. ಆಸ್ಪತ್ರೆಯ ಕೆಲಸಕ್ಕೋ ಕಾಲೇಜಿಗೋ ಬಂದು ಇಂಥ ಊರಲ್ಲಿ ಒಂಟಿಯಾಗಿ ನೆಲೆಸಿದ ಮನೆಯ ಮಗುವಿಗೆ ಕನ್ನಡ ಎಂದರೆ ಅಪ್ಪ ಅಮ್ಮ ಇಬ್ಬರದೇ ಭಾಷೆ. ಮೂರನೆಯವರೊಬ್ಬರು ಬಂದು ಮಾತಾಡಿದಾಗ, ಇದು ಹೊರಗಿನವರಿಗೂ ಬರುತ್ತದೆ ಎಂದು ಅದಕ್ಕೆ ಗೊತ್ತಾಗುತ್ತದೆ.

ಇದು ಈ ಸೀಮೆಯವರಿಗೆ ಹೊಸದಲ್ಲ. ಶಾಲೆಯಲ್ಲಿ ಐರಿಷ್ ಕಲಿಯುವ ಎಷ್ಟೋ ಮಕ್ಕಳು ಬೇಸಿಗೆಯಲ್ಲಿ ಗ್ವೀಡೋರ್‌ನಂಥ ಐರಿಷ್ ಮಾತಾಡುವ ಊರುಗಳಿಗೆ ಹೋಗಿ, ಸಾಮಾನ್ಯವಾಗಿ ಮೂರು ವಾರ ಅಲ್ಲಿನವರ ಮನೆಗಳಲ್ಲೇ ಉಳಿಯುತ್ತಾರೆ. ಉಪ್ಪು ಬೇಕಾದರೂ ಐರಿಷ್‌ನಲ್ಲೇ ಕೇಳಬೇಕು.

ಹೊರದೇಶದಲ್ಲಿ ನಮಗೆ ಅಂಥ ಊರಿಲ್ಲ. ಬಂದುಹೋಗುವ ನಾವೇ ಆ ಕೊರತೆ ತುಂಬಬೇಕು. ಪರಿಚಯದವರ ಮೂಲಕ ಮೊದಲೇ ಫೋನ್ ಮಾಡಿ ಹೋಗಿ. ಮಗುವಿಗೊಂದು ಕನ್ನಡ ಚಿತ್ರಪುಸ್ತಕ ಒಯ್ಯಿರಿ. "ಕನ್ನಡ ಬರುತ್ತಾ ಪುಟ್ಟಾ?" ಎಂಬ ಪರೀಕ್ಷೆ ಬೇಡ. ಇಂಗ್ಲಿಷಿನಲ್ಲಿ ಉತ್ತರಿಸಿದರೆ ನಗಬೇಡಿ, ನೀವು ಕನ್ನಡದಲ್ಲೇ ಮುಂದುವರಿಸಿ. "ನಮಗೆ ಊರು ತೋರಿಸ್ತೀಯಾ?" ಎಂದು ಕೇಳಿ, 1901ರಲ್ಲಿ ತೆರೆದ ಸೇಂಟ್ ಯೂನನ್ ಕ್ಯಾಥೆಡ್ರಲ್‌ಗೆ ಅದೇ ಕರೆದೊಯ್ಯಲಿ. ಜೊತೆಗೆ ಊರಿಂದ ಬಂದ ಅಜ್ಜಿಯಿದ್ದರೆ ಇನ್ನೂ ಒಳ್ಳೆಯದು: ಅವರಿಗೆ ವಿವರಿಸಲು ಕನ್ನಡವೇ ಬೇಕಲ್ಲ!