ಮುಳುಗಿದವರನ್ನು ಉಪ್ಪು ಬದುಕಿಸುತ್ತದೆಯೇ? ದೋಣಿ, ಟೆಂಟ್ ಹಿಡಿದು ಹೊರಡುವ ಮುನ್ನ ಓದಿ

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರದ ಲೆಕ್ಕ ನೋಡಿಕೊಳ್ಳುವ ಓದುಗರೊಬ್ಬರು ನಮಗೊಂದು ಫಾರ್ವರ್ಡ್ ಕಳಿಸಿದ್ದಾರೆ. ಅವರೂ ಕಮಲಾಪುರದ ಮೂವರು ಗೆಳೆಯರೂ ಸೇರಿ ದೋಣಿ ನಡೆಸುವುದನ್ನು ಕಲಿತು, ನೀರಿನ ದಡದಲ್ಲಿ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಬೇಕು ಅಂದುಕೊಂಡಿದ್ದಾರಂತೆ. ಅವರ ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಮೊದಲ ಸಲಹೆಯೇ ಇದು: ನೀರಿನಲ್ಲಿ ಮುಳುಗಿ ಸತ್ತವರನ್ನು ಮೂರ್ನಾಲ್ಕು ತಾಸಿನೊಳಗೆ ಉಪ್ಪಿನ ರಾಶಿಯಲ್ಲಿ ಮಲಗಿಸಿದರೆ ಉಪ್ಪು ದೇಹದ ನೀರನ್ನೆಲ್ಲ ಹೀರಿಕೊಂಡು ಅವರು ಎದ್ದು ಕೂರುತ್ತಾರೆ! "ಗಂಜ್‌ನಲ್ಲಿ ಉಪ್ಪಿನ ಚೀಲಕ್ಕೇನು ಬರ? ಎರಡು ಚೀಲ ಗಾಡಿಯಲ್ಲಿ ಹಾಕಿಕೊಳ್ಳಲೇ?" ಎಂದು ಅವರು ನಗುತ್ತಲೇ ಕೇಳಿದ್ದಾರೆ. ಆದರೆ ಈ ಸಂದೇಶ ವರ್ಷಗಳಿಂದ ಹಲವು ಭಾಷೆಗಳಲ್ಲಿ ಸುತ್ತುತ್ತಿದೆ, ಮತ್ತು ಇದನ್ನು ನಿಜವೆಂದು ನಂಬಿದ ಮನೆಯವರು ಆಸ್ಪತ್ರೆಗೆ ಹೋಗುವ ಬದಲು ಉಪ್ಪು ಹುಡುಕುತ್ತ ಕೂತರೆ ಉಳಿಯಬಹುದಾದ ಜೀವವೂ ಹೋಗುತ್ತದೆ. ಹಾಗಾಗಿ ಇಲ್ಲಿಂದಲೇ ಶುರು ಮಾಡೋಣ.

ಈ ನಂಬಿಕೆ ಹುಟ್ಟಿದ್ದು ನೊಣದಿಂದ. ನೀರಿಗೆ ಬಿದ್ದು ಸತ್ತಂತೆ ಕಾಣುವ ನೊಣದ ಮೇಲೆ ಉಪ್ಪನ್ನೋ ಬೂದಿಯನ್ನೋ ಹಾಕಿದರೆ ಸ್ವಲ್ಪ ಹೊತ್ತಿಗೆ ಅದು ಹಾರಿಹೋಗುತ್ತದೆ. ಇದನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಮಾಡಿ ನೋಡಿದ್ದೇವೆ. ಅದು ನಿಜವೂ ಹೌದು. ಆದರೆ ಆ ನೊಣ ಸತ್ತಿರಲಿಲ್ಲ. ಕೀಟಗಳಿಗೆ ನಮ್ಮಂತೆ ಶ್ವಾಸಕೋಶವಿಲ್ಲ; ಮೈಯ ಪಕ್ಕದಲ್ಲಿರುವ ಸಣ್ಣ ರಂಧ್ರಗಳಿಂದ ಅವು ಉಸಿರಾಡುತ್ತವೆ. ಆ ರಂಧ್ರಗಳಿಗೆ ನೀರು ಕಟ್ಟಿಕೊಂಡಾಗ ನೊಣ ನಿಶ್ಚಲವಾಗುತ್ತದೆ, ಉಪ್ಪು ಆ ನೀರನ್ನು ಹೀರಿದಾಗ ಚೇತರಿಸಿಕೊಳ್ಳುತ್ತದೆ. ಮನುಷ್ಯನ ಕತೆ ಬೇರೆ. ಆಮ್ಲಜನಕ ನಿಂತ ನಾಲ್ಕಾರು ನಿಮಿಷಗಳಲ್ಲೇ ನಮ್ಮ ಮೆದುಳಿಗೆ ಹಾನಿ ಶುರುವಾಗುತ್ತದೆ. ಚರ್ಮದ ಮೇಲೆ ಸುರಿದ ಉಪ್ಪು ಎದೆಗೂಡಿನೊಳಗಿನ ನೀರನ್ನು ಎಳೆದು ತೆಗೆಯಲಾರದು. ತೆಗೆದರೂ ನಿಂತ ಹೃದಯ ಅದರಿಂದ ಮತ್ತೆ ಬಡಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸುವುದು ಬೇಡ. ಹೊಟ್ಟೆಯಿಂದ ಮೇಲೆ ಬಂದದ್ದು ಉಸಿರಿನ ಕೊಳವೆಗೆ ಇಳಿದು ಇನ್ನಷ್ಟು ಕೆಡುಕಾಗುತ್ತದೆ. ಪ್ರಜ್ಞೆ ಇಲ್ಲ, ಉಸಿರಾಟವೂ ಇಲ್ಲ ಎಂದಾದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಒಬ್ಬರು 108ಕ್ಕೆ ಕರೆ ಮಾಡಬೇಕು. ಇನ್ನೊಬ್ಬರು ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ, ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕು. ಮುಳುಗಿದವರಲ್ಲಿ ಮೊದಲು ಕೈಕೊಡುವುದು ಉಸಿರು, ಆದ್ದರಿಂದ ಇಲ್ಲಿ ಉಸಿರು ಕೊಡುವುದಕ್ಕೇ ಮೊದಲ ಸ್ಥಾನ. ಆಮೇಲೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು: 30 ಒತ್ತು, 2 ಉಸಿರು, ಮತ್ತೆ 30. ಇದನ್ನು ವೀಡಿಯೊ ನೋಡಿ ಅರ್ಥ ಮಾಡಿಕೊಳ್ಳಬಹುದು, ಆದರೆ ಕೈಗೆ ಹತ್ತುವುದು ಗೊಂಬೆಯ ಮೇಲೆ ಒಮ್ಮೆಯಾದರೂ ಒತ್ತಿ ಕಲಿತಾಗಲೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ದೋಣಿ ಕಲಿಯುವವರು ಹುಟ್ಟು ಹಿಡಿಯುವ ಮೊದಲು ಇದನ್ನು ಕಲಿಯಲಿ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು ಎಲ್ಲ ಊರಲ್ಲೂ ಕೇಳುತ್ತೇವೆ: "ಈಜು ಬರುವವನಿಗೆ ಲೈಫ್ ಜಾಕೆಟ್ ಯಾಕೆ?" ಮನುಷ್ಯನ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ತಲೆಯನ್ನು ನೀರಿನ ಮೇಲಿಡಲು ಬೇಕಾದ ಹೆಚ್ಚುವರಿ ಎತ್ತುವ ಬಲ ನಾಲ್ಕೈದು ಕಿಲೋದಷ್ಟು ಮಾತ್ರ. ಸಾಮಾನ್ಯ ಜಾಕೆಟ್ ಏಳು ಕಿಲೋದಷ್ಟು ಕೊಡುತ್ತದೆ. ದೋಣಿ ಮಗುಚಿದಾಗ ತಲೆಗೆ ಪೆಟ್ಟಾದರೆ, ಗಾಬರಿಯಲ್ಲಿ ನೀರು ಕುಡಿದರೆ, ಕಾಲು ಹಿಡಿದುಕೊಂಡರೆ ಈಜಿನ ವಿದ್ಯೆ ಕೆಲಸಕ್ಕೆ ಬರುವುದಿಲ್ಲ, ಜಾಕೆಟ್ ಬರುತ್ತದೆ. ಆದರೆ ಅದರ ಎಲ್ಲ ಪಟ್ಟಿಗಳನ್ನೂ ಬಿಗಿಯಬೇಕು. ಭುಜ ಹಿಡಿದು ಮೇಲೆಳೆದಾಗ ಜಾಕೆಟ್ ಕಿವಿಯವರೆಗೆ ಏರಿದರೆ ಅದು ನಿಮ್ಮ ಅಳತೆಯದಲ್ಲ.

ಬೆನ್ನಿಗೆ ಖಾಲಿ ಕ್ಯಾನು ಕಟ್ಟಿಕೊಂಡರೆ ಸಾಲದೇ ಎಂದೂ ಕೇಳುತ್ತಾರೆ. ಮುಚ್ಚಳ ಬಿಗಿಯಾದ 20 ಲೀಟರ್ ಕ್ಯಾನು 20 ಕಿಲೋದಷ್ಟು ತೂಕವನ್ನು ತೇಲಿಸಬಲ್ಲದು, ಲೆಕ್ಕ ಸರಿಯೇ. ತೊಂದರೆ ಏನೆಂದರೆ ಬೆನ್ನಿಗೆ ಕಟ್ಟಿದ ಕ್ಯಾನು ಬೆನ್ನನ್ನು ಮೇಲೆತ್ತಿ ಮುಖವನ್ನು ನೀರಿಗೆ ಒತ್ತುತ್ತದೆ! ಅದೇ ಕ್ಯಾನಿಗೆ ಉದ್ದನೆಯ ಹಗ್ಗ ಕಟ್ಟಿ ದಡದಲ್ಲಿ ಇಟ್ಟುಕೊಳ್ಳಿ. ಮುಳುಗುತ್ತಿರುವವರ ಕಡೆ ಎಸೆಯಲು ಅದಕ್ಕಿಂತ ಅಗ್ಗದ ಸಾಧನ ಸಿಗಲಿಕ್ಕಿಲ್ಲ. ನೀವೇ ನೀರಿಗೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋದ ಇನ್ನೊಬ್ಬರೂ ತೀರಿಕೊಂಡ ಸುದ್ದಿಯನ್ನು ಪ್ರತಿ ಬೇಸಿಗೆ ರಜೆಯಲ್ಲೂ ಓದುತ್ತೇವೆ.

ದೋಣಿಯ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಹರಿಗೋಲು ಬುಟ್ಟಿಯಂತೆ ದುಂಡಗೆ, ತಳ ಅಗಲ. ಗಿರಗಿರ ತಿರುಗುತ್ತದೆ, ಬೇಗ ಮಗುಚುವುದಿಲ್ಲ. ಕ್ಯಾನೂ ಉದ್ದ, ಇಕ್ಕಟ್ಟು. ನೇರ ಓಡುತ್ತದೆ, ಆದರೆ ಎದ್ದು ನಿಂತರೆ ಭಾರದ ಕೇಂದ್ರ ಮೇಲೇರಿ ಕ್ಷಣದಲ್ಲಿ ಉರುಳುತ್ತದೆ. ಮೊಣಕಾಲೂರಿ ತಗ್ಗಿ ಕೂರುವುದೇ ಮೊದಲ ಪಾಠ. ಎರಡನೆಯ ಪಾಠ, ಬೇಕೆಂದೇ ಮಗುಚುವುದು. ಎದೆಮಟ್ಟದ ನೀರಿನಲ್ಲಿ, ತರಬೇತುದಾರರ ಎದುರು ದೋಣಿ ಉರುಳಿಸಿ, ಅದನ್ನೇ ಹಿಡಿದು ತೇಲುವುದನ್ನು ಅಭ್ಯಾಸ ಮಾಡಬೇಕು. ದಡ ಹತ್ತಿರ ಕಂಡಿತೆಂದು ದೋಣಿ ಬಿಟ್ಟು ಈಜುವವರೇ ಹೆಚ್ಚು ಅಪಾಯಕ್ಕೆ ಸಿಗುತ್ತಾರೆ.

ಎಲ್ಲಿ ಮಲಗುವುದು? ಭೀಮಾ ತೀರದ ಮರಳು ಮೆತ್ತಗಿರುತ್ತದೆ, ಫೋಟೊಗೂ ಚಂದ. ಆದರೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ. 2020ರ ಅಕ್ಟೋಬರ್‌ನಲ್ಲಿ ಮಳೆಯ ಜೊತೆ ಆ ನೀರೂ ಸೇರಿ ಕಲಬುರಗಿ ಜಿಲ್ಲೆಯ ಭೀಮಾ ದಂಡೆಯ ಊರುಗಳು ಮುಳುಗಿದ್ದನ್ನು ಕಂಡವರು ನೀವೇ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಹರಿಯದ ನೀರೇ ಹೊಸಬರಿಗೆ ಸರಿ. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯ ಎಲ್ಲರ ನೆನಪಿಗೂ ಬರುತ್ತದೆ. ಅದು 2011ರಲ್ಲಿ ಘೋಷಣೆಯಾದ, ಸುಮಾರು 135 ಚದರ ಕಿಲೋಮೀಟರ್‌ನ ಚಿಂಚೋಳಿ ವನ್ಯಜೀವಿಧಾಮದ ಭಾಗ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವಂತಿಲ್ಲ, ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಚಳಿಗೆಂದು ಕೆಂಡದ ಒಲೆಯನ್ನು ಟೆಂಟಿನೊಳಗೆ ಒಯ್ಯುವವರೂ ಇದ್ದಾರೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಟೆಂಟಿನ ಸುತ್ತ ಬೆಳ್ಳುಳ್ಳಿ, ಗಂಧಕ, ಉಪ್ಪು ಹಾಕಿದರೆ ಹಾವು ಬರುವುದಿಲ್ಲ ಎಂಬ ಫಾರ್ವರ್ಡ್ ಕೂಡ ಅವರಿಗೆ ಬಂದಿದೆ (ಪಾಪ, ಉಪ್ಪಿಗೆ ಎಷ್ಟೊಂದು ಕೆಲಸ!). ಅದಕ್ಕೆ ಆಧಾರವಿಲ್ಲ. ಒಣ, ಕಲ್ಲುನೆಲದಲ್ಲಿ ಗರಗಸ ಮಂಡಲ ಇರುತ್ತದೆ. ಕಟ್ಟು ಹಾವು ರಾತ್ರಿ ಸಂಚರಿಸುತ್ತ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ. ಅನೇಕ ಸಲ ನೋವೇ ಆಗುವುದಿಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದ ಸ್ಥಿತಿ ಬಂದರೆ ಗ್ಯಾಸ್ ಎಂದುಕೊಳ್ಳದೆ ಆಸ್ಪತ್ರೆಗೆ ಓಡಬೇಕು. ತಾಡಪತ್ರಿಯ ಮೇಲೆ ಬಯಲಲ್ಲಿ ಮಲಗುವುದಕ್ಕಿಂತ ಜಿಪ್ ಪೂರ್ತಿ ಮುಚ್ಚಿದ ಟೆಂಟು, ಇಲ್ಲವೇ ಅಂಚು ಒಳಸೇರಿಸಿದ ಸೊಳ್ಳೆ ಪರದೆ ಒಳ್ಳೆಯದು. ಪರದೆ ಹಾವಿನಿಂದಲೂ ಕಾಪಾಡುತ್ತದೆ ಎಂದು ನೇಪಾಳದಲ್ಲಿ ನಡೆದ ಅಧ್ಯಯನ ಹೇಳಿದೆ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಬೇಡ. ಕೈಕಾಲು ಅಲುಗಾಡದಂತೆ ಇಟ್ಟು, ಆ್ಯಂಟಿವೆನಮ್ ಇರುವ ಆಸ್ಪತ್ರೆಗೆ ಒಯ್ಯಿರಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು.

ಉಳಿದ ಎರಡು ಚಿಕ್ಕ ಪ್ರಶ್ನೆಗಳು. ಪಟಿಕ ಆಡಿಸಿದ ನೀರು ಕುಡಿಯಬಹುದೇ? ಪಟಿಕ ಕೆಸರನ್ನು ತಳಕ್ಕಿಳಿಸುತ್ತದೆ, ರೋಗಾಣುಗಳನ್ನೆಲ್ಲ ಕೊಲ್ಲುವುದಿಲ್ಲ. ತಿಳಿಯನ್ನು ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ಹಕ್ಕಿ ತಿಂದ ಹಣ್ಣು ನಾವೂ ತಿನ್ನಬಹುದೇ? ದಾಂಡೇಲಿಯ ಮಂಗಟ್ಟೆ ಹಕ್ಕಿಗಳು ಕಾಸರಕದ ಹಣ್ಣು ತಿನ್ನುತ್ತವೆ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಘೋರ ವಿಷ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ.

ತರಬೇತಿಗೆ ರಾಜ್ಯ ಸರ್ಕಾರದ್ದೇ ಆದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಜಲಸಾಹಸವೂ ಅಲ್ಲಿ ಕಲಿಸುವ ವಿಷಯಗಳಲ್ಲೊಂದು. ನಮ್ಮ ಓದುಗರಿಗೆ ನಾವು ಬರೆದ ಉತ್ತರ ಇಷ್ಟೇ: ಮೊದಲ ಸಲ ಹಗಲು ಮಾತ್ರ ದೋಣಿ ಕಲಿತು ಸಂಜೆ ಮನೆಗೆ ಬನ್ನಿ. ಟೆಂಟಿನಲ್ಲಿ ಮಲಗುವ ಅಭ್ಯಾಸವನ್ನು ಕಮಲಾಪುರದ ಗೆಳೆಯರ ಹೊಲದಲ್ಲೇ ಒಂದು ರಾತ್ರಿ ಮಾಡಿ, ಏನೇನು ಮರೆತಿರಿ ಎಂದು ಬರೆದಿಟ್ಟುಕೊಳ್ಳಿ. ಎರಡನ್ನೂ ಸೇರಿಸುವುದು ಅದಾದ ಮೇಲೆ. ಹೊರಡುವ ದಿನ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಮರಳುತ್ತೀರಿ ಎಂಬುದನ್ನು ಮನೆಯ ಗೋಡೆಗೆ ಅಂಟಿಸಿ ಹೋಗಿ. ಕಾಡಿನೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತದೆ ಎಂದು ನಂಬಿ ಕೂರಬೇಡಿ.