ಬರದ ಸೀಮೆಯ ದುಂಡು ದೋಣಿ

ವಿಜಯಪುರ ಜಿಲ್ಲೆ ಅಂದರೆ ಬರ, ಬಿಳಿಜೋಳ, ಗೋಳಗುಮ್ಮಟ. ಈ ಮೂರರ ನಡುವೆ ಹೊಳೆಯ ಮಾತು ಬರುವುದೇ ಇಲ್ಲ. ಆದರೆ ಇಂಡಿ, ಸಿಂದಗಿ ಸೀಮೆಗೆ ಭೀಮಾ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಗೆ ಕೃಷ್ಣಾ ಸೆರಗಿನಂತೆ ಹಬ್ಬಿವೆ. ದಂಡೆಯ ಊರುಗಳಿಗೆ ಹೊಳೆಸಾಲು ಎಂದೇ ಹೆಸರು. ನಾವಿಕ ಪರಂಪರೆ ಎಂದೊಡನೆ ಕಾರವಾರ, ಹೊನ್ನಾವರ, ಮಂಗಳೂರಿನತ್ತ ಹೊರಳುವ ಕಣ್ಣು ಈ ಹೊಳೆಸಾಲಿನ ಮೇಲೂ ಒಂದಿಷ್ಟು ನಿಲ್ಲಬೇಕು. ಇಲ್ಲಿ ಬಂದರಿನ ಜಾಗದಲ್ಲಿ ಹೊಳೆ ಹಾಯುವ ಕಡವು ಇತ್ತು, ಹಡಗಿನ ಜಾಗದಲ್ಲಿ ಹರಿಗೋಲು.

ಹರಿಗೋಲನ್ನು ಕಂಡವರು ‘ಇದೇನು, ದೊಡ್ಡ ಪುಟ್ಟಿ’ ಎಂದು ನಗುವುದುಂಟು. ನಿಜ, ಪುಟ್ಟಿಯೇ. ಸೀಳಿದ ಬಿದಿರನ್ನು ಹೆಣೆದು, ಬಾಯಿಯ ಅಂಚನ್ನು ಬಿಗಿದು, ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಅದಕ್ಕೆ ಮೂತಿಯಿಲ್ಲ, ಬೆನ್ನಿಲ್ಲ, ಚುಕ್ಕಾಣಿಯೂ ಇಲ್ಲ. ಇದನ್ನು ಒರಟು ಕೆಲಸವೆಂದು ತಳ್ಳುವವರು ಹೊಳೆಯ ತಳವನ್ನು ನೋಡಿಲ್ಲ. ಬೇಸಿಗೆಯಲ್ಲಿ ಬಂಡೆ ತೋರುವ, ಮಳೆಗಾಲದಲ್ಲಿ ಅದೇ ಬಂಡೆಯನ್ನು ಕೆಂಪು ನೀರಿನಡಿ ಬಚ್ಚಿಡುವ ಹೊಳೆಯಲ್ಲಿ ಚೂಪು ಮೂತಿಯ ಮರದ ದೋಣಿ ತಗುಲಿದರೆ ಸೀಳುತ್ತದೆ; ದುಂಡು ಬುಟ್ಟಿ ತಗುಲಿದರೆ ತಿರುಗಿ ಪಕ್ಕಕ್ಕೆ ಸರಿಯುತ್ತದೆ. ಅಂಬಿಗ ಹುಟ್ಟನ್ನು ತನ್ನ ಮುಂದೆಯೇ ಇಳಿಸಿ ನೀರನ್ನು ತನ್ನತ್ತ ಸೆಳೆಯುತ್ತಾನೆ. ಆ ಸೆಳೆತ ತುಸು ತಪ್ಪಿದರೂ ಹರಿಗೋಲು ಬುಗುರಿ. ದಂಡೆ ಸೇರಿದ ಮೇಲೆ ಅದನ್ನು ಬೋರಲು ಹಾಕಿ ಒಣಗಿಸಬೇಕಿತ್ತು, ಇಲ್ಲದಿದ್ದರೆ ಚರ್ಮ ಕೊಳೆಯುತ್ತಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಹದಿನೈದಿಪ್ಪತ್ತು ಜನರನ್ನು ಹೊತ್ತು ಸುತ್ತುತ್ತಾ ಸಾಗುವ ಇಂಥವೇ ಬುಟ್ಟಿಗಳನ್ನು ಬಣ್ಣಿಸಿದ್ದಾನೆ. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಗ್ರೀಕರ ಹೆರೊಡೊಟಸ್ ಬ್ಯಾಬಿಲೋನಿನ ನದಿಯಲ್ಲಿ ತೇಲುವ ಚರ್ಮದ ದುಂಡು ದೋಣಿಗಳ ಬಗ್ಗೆ ಬೆರಗಿನಿಂದ ಬರೆದಿದ್ದ.

ಹೊಳೆ ದಾಟುವುದೇನು ಮಹಾ ನಾವಿಕ ವಿದ್ಯೆ, ಸಮುದ್ರದ ಸಾಹಸವೆಲ್ಲಿ ಈ ಅರ್ಧ ಗಳಿಗೆಯ ಪಯಣವೆಲ್ಲಿ ಎಂಬ ಆಕ್ಷೇಪ ಬರಬಹುದು. ದೂರವನ್ನೇ ಅಳತೆಗೋಲು ಮಾಡಿದರೆ ಅದು ಸರಿ. ಆದರೆ 1565ರ ಜನವರಿಯಲ್ಲಿ ತಾಳಿಕೋಟೆಯ ಬಳಿ ಬೀಡುಬಿಟ್ಟ ದಖನ್ನಿನ ಸುಲ್ತಾನರ ಸೈನ್ಯಕ್ಕೆ ಎದುರಾದ ಮೊದಲ ತೊಡಕು ಕೃಷ್ಣೆ. ಹಾಯಲು ಅನುಕೂಲವಾದ ಜಾಗವನ್ನು ವಿಜಯನಗರದ ಪಡೆ ಕಾದಿತ್ತು. ಸುಲ್ತಾನರು ಬೇರೆಡೆ ದಾಟುವವರಂತೆ ದಂಡೆಗುಂಟ ನಡೆದು, ಕಾವಲನ್ನು ಅತ್ತ ಸೆಳೆದು, ತಿರುಗಿ ಬಂದು ಹಾಯ್ದರೆಂದು ಇತಿಹಾಸಕಾರ ಫೆರಿಶ್ತಾ ಬರೆಯುತ್ತಾನೆ. ಒಂದು ಸಾಮ್ರಾಜ್ಯದ ಹಣೆಬರಹ ಒಂದು ಕಡವಿನಲ್ಲಿ ಅರ್ಧ ನಿರ್ಧಾರವಾಯಿತು. ಜನವರಿಯಲ್ಲಿ ಎಲ್ಲಿ ಕಾಲೂರಬಹುದು, ಮಳೆಗಾಲದಲ್ಲಿ ಎಲ್ಲಿ ಪುಟ್ಟಿ ಬಿಡಬಹುದು ಎಂಬುದು ಒಂದೇ ವಿದ್ಯೆಯ ಎರಡು ಮುಖ. ಹನ್ನೆರಡನೆಯ ಶತಮಾನಕ್ಕೆ ಹೋದರೂ ಅಷ್ಟೇ: ಬಾಗೇವಾಡಿಯಿಂದ ಕೂಡಲಸಂಗಮಕ್ಕೆ ಹೊರಟವರಿಗೆ ನಡುವೆ ಕೃಷ್ಣೆ ಇದ್ದೇ ಇದ್ದಳು. ಶರಣರ ಸಾಲಿನಲ್ಲಿ ಅಂಬಿಗರ ಚೌಡಯ್ಯ ತನ್ನ ಕಸುಬನ್ನೇ ಹೆಸರಾಗಿ ಹೊತ್ತು ನಿಂತದ್ದನ್ನೂ ಇಲ್ಲಿ ನೆನೆಯಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಸೇತುವೆ ಬಂದಿದೆ, ಹರಿಗೋಲು ಅಪಾಯದ್ದು, ಅದನ್ನು ಹಾಡಿ ಹೊಗಳುವುದು ಬಡತನವನ್ನು ಹೊಗಳಿದಂತೆ. ಒಪ್ಪಲೇಬೇಕು, ತುಂಬು ಬಸುರಿಯನ್ನು ಪ್ರವಾಹದಲ್ಲಿ ಪುಟ್ಟಿಯಲ್ಲಿ ಕೂರಿಸುವ ಕಾಲ ಮರಳಲೆಂದು ಯಾರೂ ಬಯಸಲಾರರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಸರಕಾರಿ ನೀತಿಯನ್ನಾಗಿ ಮಾಡಿಕೊಳ್ಳುವುದು ಮಾತ್ರ ಬೇರೆ ಸಂಗತಿ. ಕೋಟೆ ಕಾಳಗಕ್ಕೆ ಬಾರದಾದ ಮೇಲೂ ಅದನ್ನು ಕಾಪಾಡುತ್ತೇವಲ್ಲ? ಅದೂ ಅಲ್ಲದೆ ಹರಿಗೋಲು ಪೂರ್ತಿ ನಿವೃತ್ತವಾಗಿಲ್ಲ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯ ಕೃಷ್ಣೆಯನ್ನು ಕೆರೆಯಂತೆ ಹರಡಿತು. ಕೊಲ್ಹಾರದ ಹತ್ತಿರ ಹಿನ್ನೀರನ್ನು ದಾಟಲು ಮೈಲಿಗಟ್ಟಲೆ ಸೇತುವೆ ಬೇಕಾಯಿತು. ಸೆಳವು ಹೋಗಿ ಗಾಳಿ ಬಂದ ಈ ಅಗಲ ನೀರಿನಲ್ಲಿ ಬೆನ್ನಿಲ್ಲದ ದೋಣಿಗೆ ಕಷ್ಟವೇ. ಆದರೂ ಬಲೆ ಬೀಸುವವರು ಅದನ್ನು ಬಿಟ್ಟಿಲ್ಲ. ದಂಡೆಯಲ್ಲಿ ಬೋರಲು ಬಿದ್ದ ಹರಿಗೋಲಿನ ಮೈಗೆ ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು; ಒಳಗಿನ ಬಿದಿರ ಹೆಣಿಗೆ ಮಾತ್ರ ಹಳೆಯದೇ.